ಗೆಂಡೆ ಮೀನಿನ ರಕ್ತ ಹೊತ್ತು ವಿಯೆಟ್ನಾಮಿಗೆ

ಬಂಗಾರಪೇಟೆ ಬಿಡುವ ಮುನ್ನ

ಪರದೇಶಕ್ಕೆ ಹೊರಟ ಹೆಂಗಸು ಚೀಲದಲ್ಲಿ ಚಟ್ನಿಪುಡಿ ಒಯ್ಯುತ್ತಾಳೆ, ಉಪ್ಪಿನಕಾಯಿ ಒಯ್ಯುತ್ತಾಳೆ. ನಾನು ಅವೆರಡರ ಜೊತೆಗೆ ಮೀನಿನ ರಕ್ತವನ್ನೂ ಒಯ್ದೆ. ಕಿರುಬೆರಳಿಗಿಂತ ಚಿಕ್ಕದಾದ ಇಪ್ಪತ್ತು ಪ್ಲಾಸ್ಟಿಕ್ ನಳಿಗೆಗಳು, ಒಂದೊಂದರಲ್ಲೂ ಕೆಡದಂತೆ ಕಾಯುವ ದ್ರವದಲ್ಲಿ ಬೆರೆಸಿದ ನಾಲ್ಕು ತೊಟ್ಟು ರಕ್ತ. ಜೊತೆಗೆ ಅಪ್ಪಣೆ ಪತ್ರಗಳ ದಪ್ಪ ಕಟ್ಟು. ವಿಮಾನ ನಿಲ್ದಾಣದ ಪೊಲೀಸಿನವನು ಡಬ್ಬಿ ತೆಗೆಸಿ "ಇದೇನಮ್ಮಾ?" ಎಂದ. "ಮೀನಿನ ರಕ್ತ" ಎಂದೆ. ಅವನು ಒಮ್ಮೆ ಡಬ್ಬಿ ನೋಡಿದ, ಒಮ್ಮೆ ನನ್ನ ಹಣೆಯ ಕುಂಕುಮ ನೋಡಿದ. ಮಾಟ ಮಂತ್ರದ ಹೆಂಗಸು ಅಂದುಕೊಂಡನೋ ಏನೋ, ದೊಡ್ಡ ಸಾಹೇಬರನ್ನೇ ಕರೆಸಿದ.

ನನ್ನ ಹೆಸರು ಪದ್ಮಾ. ಮನೆ ಬಂಗಾರಪೇಟೆ, ತವರು ಕ್ಯಾಸಂಬಳ್ಳಿ ಕಡೆಯ ಹಳ್ಳಿ. ಗಂಡ ಕೆಜಿಎಫ್‌ನ ಕಾರ್ಖಾನೆಯಲ್ಲಿ ವೆಲ್ಡರ್. ನಾನು ಮೀನಿನ ರೋಗ ನೋಡುವ ಸಣ್ಣ ಪ್ರಯೋಗಾಲಯವೊಂದರಲ್ಲಿ ಸಹಾಯಕಿ. ಓದು ಹೆಚ್ಚಿಲ್ಲ, ಆದರೆ ಕೈ ಚುರುಕು. ಜೀವಂತ ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಲದ ಬುಡಕ್ಕೆ ಸೂಜಿ ಚುಚ್ಚಿ, ರಕ್ತ ತೆಗೆದು, ಅದು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ನೀರಿಗೆ ಬಿಡುತ್ತೇನೆ. ನಮ್ಮ ಡಾಕ್ಟರ್ ಸುಮಾ ಮೇಡಂ ವಿಯೆಟ್ನಾಮಿಗೆ ಹೊರಟಾಗ "ಪದ್ಮಾ ಬರದಿದ್ದರೆ ನಾನೂ ಹೋಗಲ್ಲ" ಎಂದು ಹಟ ಹಿಡಿದದ್ದು ಈ ಕೈಗಾಗಿ. ಅಲ್ಲಿನವರಿಗೆ ನಾವು ರಕ್ತ ತೆಗೆಯುವುದನ್ನು ಕಲಿಸಬೇಕು, ಅವರು ನಮಗೆ ಆ ರಕ್ತ ಓದುವುದನ್ನು ಕಲಿಸಬೇಕು ಎನ್ನುವುದು ಒಪ್ಪಂದ.

ಆದರೆ ನನ್ನ ಮನಸ್ಸು ಕಲಿಕೆಯ ಮೇಲಿರಲಿಲ್ಲ. ಆ ಇಪ್ಪತ್ತು ನಳಿಗೆಗಳಲ್ಲಿ ಹತ್ತು ನನ್ನ ಅತ್ತಿಗೆ ರತ್ನಮ್ಮನ ಮೀನಿನವು.

ನಮ್ಮ ತವರೂರಲ್ಲಿ ಒಂದೇ ಕಾಲುವೆಯ ಮೇಲೆ ಎಂಟು ಕೃಷಿ ಹೊಂಡಗಳಿವೆ, ಎಂಟರಲ್ಲೂ ಗೆಂಡೆ ಮೀನು. ಅತ್ತಿಗೆಯದು ನಾಲ್ಕನೆಯದು. ಕೊನೆಯ ಎಂಟನೆಯದು ಕೃಷ್ಣಪ್ಪನದು. ಹೋದ ವರ್ಷ ಒಂದು ಕೆಟ್ಟ ರೋಗ ಬಂತು. ಮೈಮೇಲೆ ಕೆಂಪು ಹುಣ್ಣು, ಊದಿದ ಹೊಟ್ಟೆ, ಬೆಳಗಾಗುವಷ್ಟರಲ್ಲಿ ನೀರಿನ ಮೇಲೆ ಬೆಳ್ಳಗೆ ತೇಲುವ ಹೆಣಗಳು. ಆರು ಹೊಂಡ ಪೂರ್ತಿ ಖಾಲಿಯಾದವು. ಕೃಷ್ಣಪ್ಪನದರಲ್ಲಿ ಹತ್ತಾರು ಉಳಿದವು, ಮಿಕ್ಕ ಹತ್ತು ನಳಿಗೆಗಳಲ್ಲಿದ್ದದ್ದು ಅವುಗಳ ರಕ್ತ. ಅತ್ತಿಗೆಯ ಅರವತ್ತು ತಾಯಿ ಮೀನುಗಳಲ್ಲಿ ಮಾತ್ರ ಒಂದಕ್ಕೂ ಏನೂ ಆಗಲಿಲ್ಲ. ಅದೇ ತಪ್ಪಾಯಿತು.

"ಇವ್ಳ್ ಮೀನೂ ಅದೇ ಕಾಲ್ವೆ ನೀರಲ್ಲಿ ಇರೋವು. ರೋಗ ಒಳಗೇ ಇಟ್ಕಂಡು ನಮ್ಗೆಲ್ಲಾ ಅಂಟಿಸವೆ ಕಣ್ರಲಾ" ಎಂದು ಕೃಷ್ಣಪ್ಪ ಊರೆಲ್ಲ ಹೇಳಿಕೊಂಡು ಬಂದ. ಆ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತೆಯೂ ಇರಲಿಲ್ಲ. ಕೆಲವು ಮೀನು ತಾವು ಸಾಯದೆ ರೋಗಾಣು ಸಾಕಿಕೊಂಡಿರುತ್ತವೆ. ಇನ್ನು ಕೆಲವು ಮೀನಿಗೆ ಮೈಯನ್ನು ಕಾಯುವ ಜೀನ್‌ಗಳು ಹುಟ್ಟಿನಿಂದಲೇ ಚುರುಕಾಗಿರುತ್ತವೆ, ರೋಗಾಣು ಒಳಗೆ ಬಂದ ಗಳಿಗೆಯಲ್ಲೇ ಎದ್ದು ನಿಂತು ಹೊಡೆದೋಡಿಸುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಮಿರಮಿರ ಮಿಂಚುತ್ತವೆ. ರಕ್ತ ಓದಿದರೇ ಗೊತ್ತಾಗುವುದು.

ಶನಿವಾರ ಎಲ್ಲ ಹೊಂಡಗಳಿಗೂ ಹೊಸ ಮರಿ ಬರುವುದಿತ್ತು. ಅದಕ್ಕೇ ಊರಲ್ಲಿ ಮಾತಾಯಿತು: ಶುಕ್ರವಾರದೊಳಗೆ ವಿಯೆಟ್ನಾಮಿನಿಂದ ಉತ್ತರ ಬರಬೇಕು. ಅತ್ತಿಗೆಯ ಮೀನಿನಲ್ಲಿ ರೋಗಾಣು ಇದ್ದರೆ ಹೊಂಡ ಬತ್ತಿಸಿ, ಅರವತ್ತನ್ನೂ ಹಿಡಿದು, ಸುಣ್ಣ ಹಾಕಿ ಹೂಳಬೇಕು. ಇಲ್ಲದಿದ್ದರೆ ಮುಂದೆ ಅವುಗಳ ಮರಿಯೇ ಊರಿಗೆಲ್ಲ ಬಿತ್ತನೆ. ಕೃಷ್ಣಪ್ಪನ ಹೊಂಡಕ್ಕೂ ಇದೇ ಮಾತು.

ಹೊರಡುವ ದಿನ ಅತ್ತಿಗೆ ಬಸ್‌ಸ್ಟಾಂಡಿಗೆ ಬಂದಿದ್ದಳು. "ಬೇಗ ಓಗಿ ಬಾ ಪದ್ಮ. ಅವು ನಾನ್ ಚಪ್ಪಾಳೆ ತಟ್ಟಿದ್ರೆ ದಡಕ್ಕೆ ಬತ್ತವೆ. ನನ್ ಕೈಲಿ ಸಾಯ್ಸಕ್ಕಾಗಲ್ಲ" ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಸೈಗಾನ್: ರಸ್ತೆ ದಾಟಿದ್ದು

ಸೈಗಾನಿನ ರಸ್ತೆ ದಾಟಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಉತ್ಪ್ರೇಕ್ಷೆ ಅಲ್ಲ, ಸುಮಾ ಮೇಡಂ ಸಾಕ್ಷಿ. ಬೈಕು, ಬೈಕು, ಬೈಕು. ಒಂದರ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಫ್ರಿಜ್ಜು. ಯಾರೂ ನಿಲ್ಲುವುದಿಲ್ಲ. ಯಾರೂ ಯಾರಿಗೂ ಬೈಯುವುದಿಲ್ಲ ಎನ್ನುವುದು ಅದಕ್ಕಿಂತ ವಿಚಿತ್ರ. ನಮ್ಮ ಬಂಗಾರಪೇಟೆ ರೈಲ್ವೆ ಗೇಟು ತೆಗೆದಾಗ ಇದರ ನೂರರಲ್ಲೊಂದು ಪಾಲು ಗಾಡಿ ಇರುತ್ತದೆ, ಅಷ್ಟಕ್ಕೇ ಒಬ್ಬರ ವಂಶವನ್ನು ಇನ್ನೊಬ್ಬರು ಜಾಲಾಡಿಬಿಡುತ್ತಾರೆ.

ಕೊನೆಗೆ ಒಬ್ಬ ಮುದುಕಿ, ಸೊಪ್ಪಿನ ಬುಟ್ಟಿ ಹೊತ್ತವಳು, ನನ್ನ ಮೊಣಕೈ ಹಿಡಿದು ದರದರ ಎಳೆದುಕೊಂಡು ಹೊರಟೇಬಿಟ್ಟಳು. ನಾನು ಓಡಲು ಹೋದೆ. ಅವಳು ಕೈ ಜಗ್ಗಿ ನಿಧಾನ ಮಾಡಿಸಿದಳು. ನಿಲ್ಲಲು ಹೋದೆ, ಬೆನ್ನಿಗೆ ಗುದ್ದಿದಳು. ಓಡಬಾರದು, ನಿಲ್ಲಬಾರದು, ಒಂದೇ ಸಮನೆ ನಡೆಯಬೇಕು, ಬೈಕುಗಳೇ ಸುತ್ತಿ ಹೋಗುತ್ತವೆ. ಆಚೆ ದಡ ಸೇರಿದಾಗ "ಅಮ್ಮಾ ತಾಯೀ" ಎಂದು ಅವಳ ಕೈ ಕಣ್ಣಿಗೊತ್ತಿಕೊಂಡೆ. ಅವಳು ನಕ್ಕು, ಬುಟ್ಟಿಯಿಂದ ಒಂದು ಹಿಡಿ ಪುದೀನ ಕೊಟ್ಟು ಹೋದಳು. ಡಬ್ಬಿಯನ್ನು ಎದೆಗೆ ಅವಚಿಕೊಂಡೇ ದಾಟಿದ್ದೆ, ನಳಿಗೆಗಳು ಕ್ಷೇಮವಾಗಿದ್ದವು.

ಕಾಂಥೋ, ಮೊದಲ ದಿನ: ಛೀ ತು

ಕಾಂಥೋ ಮೆಕಾಂಗ್ ನದಿ ಹರಡಿಕೊಂಡಿರುವ ಬಯಲಿನ ಊರು. ಎತ್ತ ನೋಡಿದರೂ ನೀರು, ನೀರಿನ ಪಕ್ಕ ಬಾಳೆ, ಬಾಳೆಯ ಹಿಂದೆ ಮತ್ತೆ ನೀರು. ಕಣ್ಣಿಗೆ ಒಂದು ದಿಣ್ಣೆ ಇಲ್ಲ. ಕೆಜಿಎಫ್‌ನಲ್ಲಿ ಬೇರೇನಿಲ್ಲದಿದ್ದರೂ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬವಾದರೂ ಕಾಣುತ್ತದೆ, ದಿಕ್ಕು ತಿಳಿಯುತ್ತದೆ. ಇಲ್ಲಿ ಹೋಟೆಲಿನಿಂದ ಪ್ರಯೋಗಾಲಯಕ್ಕೆ ಇನ್ನೂರು ಹೆಜ್ಜೆ ನಡೆಯಲು ಹೋಗಿ ನಾನು ಒಂದು ಹಂದಿ ಮಾಂಸದ ಅಂಗಡಿಗೆ ನುಗ್ಗಿದ್ದೆ.

ಪ್ರಯೋಗಾಲಯದಲ್ಲಿ ನಮ್ಮ ನಳಿಗೆಗಳನ್ನು ಕೈಗೆ ತೆಗೆದುಕೊಂಡವಳು ನನ್ನದೇ ವಯಸ್ಸಿನ, ಗುಂಡು ಮುಖದ, ಸದಾ ಏನಾದರೂ ಅಗಿಯುತ್ತಿರುವ ಹೆಂಗಸು. ಅವಳನ್ನು ಹೇಗೆ ಕರೆಯಬೇಕು ಎಂದು ಕೇಳಿದೆ. "ಛೀ ತು" ಎಂದಳು.

ನಾನು ಹಿಂದೆ ಸರಿದೆ. ಏನು ತಪ್ಪು ಮಾಡಿದೆ? ಬೆವರು ನಾತವೇ? ಸುಮಾ ಮೇಡಂ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಕೊಂಡರು. ಆಮೇಲೆ ತಿಳಿಯಿತು. "ಛೀ" ಅಂದರೆ ಅವರಲ್ಲಿ ಅಕ್ಕ. "ತು" ಅಂದರೆ ನಾಲ್ಕನೆಯವಳು. ಆ ಸೀಮೆಯಲ್ಲಿ ಮನೆಮಂದಿಯನ್ನು ಹುಟ್ಟಿದ ಸಂಖ್ಯೆಯಿಂದಲೇ ಕರೆಯುತ್ತಾರೆ. ಅದರಲ್ಲೂ ಒಂದು ತಕರಾರಿದೆ, ಮೊದಲು ಹುಟ್ಟಿದವರನ್ನು ಎರಡು ಎನ್ನುತ್ತಾರೆ. ಒಂದು ಎಂದು ಯಾರನ್ನೂ ಕರೆಯುವುದಿಲ್ಲ. ಹಾಗಾಗಿ ಇವಳು ನಿಜಕ್ಕೂ ಮೂರನೆಯ ಮಗಳು, ಹೆಸರು ನಾಲ್ಕು. ನನ್ನ ಬಾಯಲ್ಲಿ ಮಾತ್ರ ಒಳ್ಳೆಯ ಹೆಂಗಸನ್ನು ದಿನಕ್ಕೆ ಐವತ್ತು ಸಲ ಛೀ ಥೂ ಎಂದು ಉಗಿದಂತಾಗುತ್ತಿತ್ತು. ಅದನ್ನು ಫೋನಿನ ಅನುವಾದ ಯಂತ್ರದಲ್ಲಿ ಅವಳಿಗೆ ವಿವರಿಸಿದೆ. ಅವಳು ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. ಅಲ್ಲಿಂದಾಚೆಗೆ ನನ್ನನ್ನು ಕಂಡಾಗಲೆಲ್ಲ ತಾನೇ "ಛೀ! ಥೂ!" ಎಂದು ಅಭಿನಯ ಮಾಡುತ್ತ ಬರುತ್ತಿದ್ದಳು.

ಅಂದು ಮಧ್ಯಾಹ್ನ ಇನ್ನೊಂದು ಫಜೀತಿ. ಊಟ ಮುಗಿಸಿ ಬಂದು ಬಾಗಿಲು ತೆಗೆದರೆ ಒಳಗೆಲ್ಲ ಕತ್ತಲು. ನೆಲದ ಮೇಲೆ, ಮೇಜಿನ ಕೆಳಗೆ, ಸಾಲಾಗಿ ಜನ ಬಿದ್ದಿದ್ದಾರೆ. ನಮ್ಮ ಅತ್ತೆಯವರು ಉರಿಗಾಂನ ಗಣಿ ಲೈನ್‌ಮನೆಯಲ್ಲಿ ಬೆಳೆದವರು, ಗಣಿಯೊಳಗೆ ಕೆಟ್ಟ ಗಾಳಿ ಕುಡಿದು ಆಳುಗಳು ಸಾಲಾಗಿ ಮಲಗಿಬಿಟ್ಟ ಕತೆಗಳನ್ನು ನನಗೆ ಊಟಕ್ಕಿಂತ ಹೆಚ್ಚು ಬಡಿಸಿದ್ದಾರೆ. ನನ್ನ ತಲೆಗೆ ಬೇರೇನು ಬರಬೇಕು? "ಗ್ಯಾಸ್! ಗ್ಯಾಸ್!" ಎಂದು ಕಿರುಚಿಕೊಂಡು ಕಿಟಕಿಗಳನ್ನು ದಬದಬ ತೆಗೆದೆ. ಹೆಣಗಳೆಲ್ಲ ಎದ್ದು ಕೂತವು. ಅಲ್ಲಿ ಮಧ್ಯಾಹ್ನ ದೀಪ ಆರಿಸಿ ಎಲ್ಲರೂ ಒಂದು ಗಂಟೆ ಮಲಗುವುದು ಪದ್ಧತಿಯಂತೆ, ದೊಡ್ಡ ಪ್ರೊಫೆಸರೂ ಸೇರಿ. ಎರಡನೇ ದಿನದಿಂದ ನನಗೂ ಒಂದು ಚಾಪೆ ಕೊಟ್ಟರು. ಅಂಥ ಸುಖನಿದ್ದೆ ನಮ್ಮ ಪ್ರಯೋಗಾಲಯದಲ್ಲಿ ಬಂದರೆ ಮೆಮೊ ಬರುತ್ತದೆ.

ಎರಡನೇ ದಿನ: ಮೀನು ಸಾಕುವವರ ಮನೆ

ನಳಿಗೆಗಳು ಯಂತ್ರದಲ್ಲಿದ್ದವು, ನಾವು ದೋಣಿಯಲ್ಲಿ. ಒಬ್ಬ ಮೀನು ಸಾಕಣೆಗಾರನ ಮನೆಗೆ ಛೀ ತು ಕರೆದೊಯ್ದಳು. ಅವನ ಹೆಸರು ಎರಡು, ಅಂದರೆ ಹಿರಿಯ ಮಗ. ಕೊಳಕ್ಕೆ ಒಂದು ಬುಟ್ಟಿ ಆಹಾರ ಎಸೆದ. ನೀರು ಕುದಿಯುವ ಎಸರಿನ ಹಾಗೆ ಮೇಲೆದ್ದಿತು, ಅಷ್ಟೂ ಮೀಸೆ ಮೀನು. ನಮ್ಮ ಅತ್ತಿಗೆ ಕಡಲೆಕಾಯಿ ಹಿಂಡಿ ಹಾಕಿದಾಗ ಅವಳ ಗೆಂಡೆಗಳು ಮರ್ಯಾದಸ್ತರಂತೆ ಒಂದೊಂದಾಗಿ ಬರುತ್ತವೆ.

ಮನೆಯೊಳಗೆ ಅವರ ದೇವರು ಗೋಡೆಯ ಮೇಲಿಲ್ಲ, ನೆಲದ ಮೇಲೇ ಕೂತಿದ್ದಾನೆ, ಹೊಟ್ಟೆ ಬಿಟ್ಟುಕೊಂಡು ನಗುತ್ತ. ಮುಂದೆ ಊದುಬತ್ತಿ, ಒಂದು ಲೋಟ ಕಾಫಿ. ಕಾಫಿ ಕುಡಿಯುವ ದೇವರನ್ನು ನಾನು ಅಲ್ಲೇ ನೋಡಿದ್ದು, ಕಂಡ ಕೂಡಲೇ ನನಗೆ ಅವನು ಹಿಡಿಸಿದ. ಯಾರೂ ನೋಡದಾಗ ಕೈಮುಗಿದು, ನಾಲ್ಕನೇ ಹೊಂಡವನ್ನು ಒಂದಿಷ್ಟು ನೋಡಿಕೋ ಸ್ವಾಮಿ ಎಂದು ಕನ್ನಡದಲ್ಲೇ ಬೇಡಿಕೊಂಡೆ.

ಆ ಮನೆಯವನಿಗೂ ನಮ್ಮದೇ ಭಯ. ಅವನ ಒಂದು ಕೊಳದಲ್ಲಿ ಮೀನು ಸಾಯತೊಡಗಿತ್ತು. ಛೀ ತು ಒಂದನ್ನು ಸೀಳಿ ತೋರಿಸಿದಳು. ಹೊರಗೆ ಒಂದು ಗೀರಿಲ್ಲ, ಒಳಗೆ ಲಿವರಿನ ಮೇಲೆಲ್ಲ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ. ಅವನು ಬಗ್ಗಿ ನೋಡಿ ಎದ್ದು ಹೋಗಿ ತೂಗುಮಂಚದಲ್ಲಿ ಮಲಗಿದ. ಹೆಂಡತಿ ಅವನ ಕಾಲ ಬಳಿ ಬಂದು ನಿಂತಳು. ಭಾಷೆ ಒಂದಕ್ಷರ ಬಾರದಿದ್ದರೂ ನನಗೆ ಎಲ್ಲ ಅರ್ಥವಾಯಿತು. ವಾಪಸ್ಸು ಬರುವಾಗ ದೋಣಿಯಲ್ಲಿ ಹುಳಿ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ಕೊಟ್ಟರು. ಅದಕ್ಕೆ ನನ್ನ ಚಟ್ನಿಪುಡಿ ಉದುರಿಸಿದೆ. ಛೀ ತು ಕಣ್ಣುಮುಚ್ಚಿ ಚಪ್ಪರಿಸಿ, ಪೊಟ್ಟಣವನ್ನೇ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ನಾನೂ ಬೇಡ ಎನ್ನಲಿಲ್ಲ.

ಮೂರನೇ ದಿನ, ಗುರುವಾರ

ಮಧ್ಯಾಹ್ನದ ನಿದ್ದೆಯ ನಂತರ ಉತ್ತರ ಬಂತು. ಸುಮಾ ಮೇಡಂ ಕಾಗದ ಓದಿ ನನ್ನ ಕಡೆ ತಿರುಗಿದರು.

"ಪದ್ಮಾ, ನಾಲ್ಕನೇ ಹೊಂಡದಲ್ಲಿ ರೋಗಾಣು ಇದೆ. ಹತ್ತರಲ್ಲಿ ಏಳು ಮೀನಿಗೆ. ಕಾಯುವ ಜೀನ್‌ಗಳೂ ಮಂದ. ಎಂಟನೆಯದರಲ್ಲಿ ಒಂದಕ್ಕೂ ರೋಗಾಣು ಇಲ್ಲ."

"ಅದ್ಹೇಗೆ ಮೇಡಂ? ಸತ್ತಿದ್ದು ಕೃಷ್ಣಪ್ಪನ ಮೀನಲ್ವಾ?"

"ಅದಕ್ಕೇ. ಅಲ್ಲಿ ದುರ್ಬಲ ಮೀನೆಲ್ಲ ಸತ್ತು ಗಟ್ಟಿಯವು ಮಾತ್ರ ಉಳಿದಿವೆ. ಅತ್ತಿಗೆಯವು ರೋಗ ಇಟ್ಟುಕೊಂಡೇ ಬದುಕಿವೆ. ಕೃಷ್ಣಪ್ಪ ಹೇಳಿದ್ದೇ ಸರಿ ಅನ್ನಿಸುತ್ತೆ."

ಎಷ್ಟು ಚೆನ್ನಾಗಿ ಕೂಡಿಬಂದ ವಿವರಣೆ! ನನಗೆ ಅದನ್ನು ಹರಿದು ಹಾಕುವಷ್ಟು ಸಿಟ್ಟು ಬಂತು. ಆದರೆ ಕಾಗದದ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ಅತ್ತಿಗೆಗೆ ನಾನೇ ಫೋನು ಮಾಡಿ ಹೇಳಿದೆ.

"ಸರಿ ಬಿಡು" ಎಂದಳು. ಆಮೇಲೆ, "ನಾಳೆ ಬೆಳಗ್ಗೇನೆ ಮೋಟ್ರು ಆಕ್ಸ್ತೀನಿ. ಕೊಟ್ಟ ಮಾತು ಕೊಟ್ಟಿದ್ದೇ. ಪದ್ಮಾ, ಇವತ್ ಸಾಯಂಕಾಲ ಇಂಡಿ ಆಕ್ಲಾ ಅವಕ್ಕೆ, ಬ್ಯಾಡ್ವಾ?"

"ಹಾಕತ್ತಿಗೆ" ಎಂದೆ. ಫೋನಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಛೀ ತು ಬಂದು ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರುತ್ತಿದ್ದಳು.

ಶುಕ್ರವಾರ

ಬೆಳಗ್ಗೆ ಹೊರಡಲು ಗಂಟು ಕಟ್ಟಿ, ವಿದಾಯ ಹೇಳಲು ಪ್ರಯೋಗಾಲಯಕ್ಕೆ ಹೋದೆವು. ಛೀ ತು ನನಗೊಂದು ಪೊಟ್ಟಣ ಕೊಟ್ಟಳು, ತೆಂಗಿನಕಾಯಿ ಮಿಠಾಯಿ. ಮೇಲೆ ದೊಡ್ಡದಾಗಿ ಏನೋ ಬರೆದಿದ್ದಳು. ಫೋನಿನಲ್ಲಿ ಮಾತು ಒತ್ತಿ ತೋರಿಸಿದಳು: "ನನ್ನ ಹೆಸರು, ನಿಮ್ಮ ಲಿಪಿಯಲ್ಲಿ."

ನೋಡಿದೆ. ಪೊಟ್ಟಣದ ಮೇಲೆ ಅಂದವಾಗಿ ತಿದ್ದಿ ತಿದ್ದಿ ಬರೆದಿತ್ತು: ೮.

"ಎಂಟು" ಎಂದೆ ನಗುತ್ತ, ಬೆರಳು ತೋರಿಸಿದೆ. "ನೀನು ನಾಲ್ಕಲ್ವಾ? ಇದು ಎಂಟು."

ಅವಳು ತಲೆಯಾಡಿಸಿದಳು. ಇಲ್ಲ, ಇದೇ ನಾಲ್ಕು ಎಂದು ಹಟ. ಎಲ್ಲಿ ಕಲಿತೆ ಎಂದು ಕೇಳಿದೆ. ಅವಳು ಫ್ರೀಜರ್ ತೆರೆದು ನಮ್ಮ ನಳಿಗೆಗಳ ತಟ್ಟೆ ಹೊರತೆಗೆದು, ಒಂದರ ಮುಚ್ಚಳ ತೋರಿಸಿದಳು.

ಮುಚ್ಚಳದ ಮೇಲೆ ನನ್ನದೇ ಕೈಬರಹ. ಕನ್ನಡದ ಅಂಕಿಯಲ್ಲಿ.

ಹೊಂಡದ ದಡದಲ್ಲಿ ರಕ್ತ ತೆಗೆದ ದಿನ ಅತ್ತಿಗೆ ಹೇಳಿದ್ದಳು, "ನಂದ್ಯಾವ್ದು, ಕೃಷ್ಣಪ್ಪಂದ್ಯಾವ್ದು, ನಂಗೂ ಓದಾಕ್ ಬರಂಗೆ ಬರಿಯಮ್ಮ." ಅವಳಿಗೆ ಬರುವುದು ಕನ್ನಡದ ಅಂಕಿ ಮಾತ್ರ. ಹತ್ತು ಮುಚ್ಚಳದ ಮೇಲೆ ೪, ಹತ್ತರ ಮೇಲೆ ೮ ಎಂದು ಬರೆದಿದ್ದೆ. ಜೊತೆಗಿದ್ದ ಇಂಗ್ಲಿಷ್ ಪಟ್ಟಿಯಲ್ಲಿ ಮಾತ್ರ ಅವರ ಅಂಕಿಯಲ್ಲಿ 4, 8 ಎಂದಿತ್ತು. ಛೀ ತು ಮುಚ್ಚಳ ನೋಡಿದ್ದಾಳೆ. ನಮ್ಮ ೪ ಅವರ ಕಣ್ಣಿಗೆ ತಲೆ ತೆರೆದ 8. ಹಾಗಾದರೆ ಉಳಿದ ೮ ನಾಲ್ಕೇ ಇರಬೇಕು. ಪಾಪ, ಅವಳು ಇನ್ನೇನು ಅಂದುಕೊಳ್ಳಬೇಕಿತ್ತು?

"ಮೇಡಂ!" ಎಂದು ಕೂಗಿದ ರಭಸಕ್ಕೆ ಪ್ರೊಫೆಸರೂ ಓಡಿಬಂದರು. ಸುಮಾ ಮೇಡಂ ಮುಚ್ಚಳ ನೋಡಿದರು, ದಾಖಲೆ ಪುಸ್ತಕ ನೋಡಿದರು, ಒಂದೊಂದೇ ನಳಿಗೆ ತಿರುಗಿಸಿ ನೋಡಿದರು. ಇಪ್ಪತ್ತೂ ಅದಲು ಬದಲು. "ನಾನೂ ಈ ಮುಚ್ಚಳ ಹತ್ತು ಸಲ ನೋಡಿದ್ದೀನಿ ಪದ್ಮಾ. ಓದಕ್ಕೆ ಬಂತಲ್ಲ, ಅದಕ್ಕೇ ಕಣ್ಣಿಗೆ ಬೀಳಲಿಲ್ಲ" ಎಂದು ಕುರ್ಚಿಯಲ್ಲಿ ಕುಸಿದರು. ಆಮೇಲೆ ತಟ್ಟನೆ, "ಊರಲ್ಲಿ ಈಗ ಗಂಟೆ ಎಷ್ಟು?"

ಏಳೂವರೆ. ಅತ್ತಿಗೆ ಕೋಳಿ ಕೂಗುವಾಗ ಏಳುವವಳು.

ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರನೇ ಸಲ ಛೀ ತು ಫೋನು ಹಿಡಿದುಕೊಂಡಳು, ನಾನು ಒತ್ತಿದೆ. ಎತ್ತಿದ್ದು ಗಂಡಸಿನ ದನಿ.

"ಅಲೋ, ಯಾರು?"

"ಕೃಷ್ಣಣ್ಣಾ? ನಾನು ಪದ್ಮಾ. ಅತ್ತಿಗೆ ಎಲ್ಲಿ?"

"ಕಟ್ಟೆ ಮ್ಯಾಲೆ ಕುಂತವ್ಳೆ ಕಣಮ್ಮ. ಯಾರ ಕೂಡಾನೂ ಮಾತಾಡ್ತಾ ಇಲ್ಲ. ಪೋನು ನನ್ ಕೈಲಿ ಕೊಟ್ಬಿಟ್ಳು."

"ಮೀನು ಹಿಡಿದ್ರಾ?"

"ಏನು? ಕೇಳಿಸ್ತಿಲ್ಲ! ಮೋಟ್ರು ಓಡ್ತಾ ಐತೆ!"

"ಅದನ್ನೇ ನಿಲ್ಸಣ್ಣಾ! ಮೋಟ್ರು ನಿಲ್ಸು!"

"ಮೋಟ್ರು ಓಡ್ತಾ ಐತೆ ಅಂತ್ಲೇ ನಾನೂ ಯೇಳ್ತಿರೋದು!"

"ನಿಲ್ಸೋ ಮಾರಾಯಾ!" ಎಂದು ಗಂಟಲು ಹರಿದುಕೊಂಡೆ. ಅದು ಕೇಳಿಸಿರಬೇಕು. "ಏ, ಆಫ್ ಮಾಡ್ರಲಾ ಅದ್ನ" ಎಂದು ಅವನು ಕೂಗಿದ್ದು ಕಿವಿಗೆ ಬಿತ್ತು. ಗಡಗಡ ಶಬ್ದ ನಿಂತಿತು. ಆಗ ಫೋನಿನಲ್ಲಿ ಕಡಿಮೆ ನೀರಲ್ಲಿ ಮೀನು ಪಟಪಟ ಬಡಿಯುವ ಸದ್ದು ಕೇಳಿಸಿತು. ಬದುಕಿವೆ! ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ನೀರು ಮೊಣಕಾಲುದ್ದ ಐತೆ, ಇನ್ನೂ ಬಲೆ ಬಿಟ್ಟಿಲ್ಲ. ಈಗ ಯೇಳು ತಾಯಿ" ಎಂದ ಕೃಷ್ಣಪ್ಪ.

ಈಗ ಹೇಳುವುದು ಕಷ್ಟವಾಯಿತು. ಇಷ್ಟು ಹೊತ್ತು ಅತ್ತಿಗೆಯ ಮೀನಿನ ಚಿಂತೆಯಲ್ಲಿ, ಎಂಟನೇ ಹೊಂಡಕ್ಕೂ ಒಬ್ಬ ಒಡೆಯನಿದ್ದಾನೆ ಎನ್ನುವುದೇ ಮರೆತಿತ್ತು.

"ಅಣ್ಣಾ, ತಪ್ಪಾಗಿತ್ತು. ನಂದೇ ತಪ್ಪು, ಅಂಕಿ ಓದೋದ್ರಲ್ಲಿ ಅದಲು ಬದಲಾಗಿದೆ. ರೋಗ ಇರೋದು ನಾಲ್ಕರಲ್ಲಲ್ಲ."

"ಮತ್ತೆ?"

"ಎಂಟರಲ್ಲಿ."

"ನಮ್ದಾ?"

"ಹೂಂ ಅಣ್ಣಾ."

ಫೋನು ಕತ್ತರಿಸಿಬಿಡುತ್ತಾನೆ, ಯಾರಿಗೂ ಹೇಳದೆ ಮೋಟರು ಮತ್ತೆ ಹಾಕಿಸುತ್ತಾನೆ ಎಂದು ಒಂದು ಗಳಿಗೆ ನನಗನ್ನಿಸಿತು. ಪಾಪ, ಎಂಥ ಯೋಚನೆ ಮಾಡಿದೆ ನಾನು. ಕೆಸರಿನಲ್ಲಿ ನಡೆಯುವ ಪಚಪಚ ಸದ್ದು. ಆಮೇಲೆ ಅವನ ದನಿ, ನನಗಲ್ಲ, "ತಗಾ ರತ್ನಮ್ಮ. ನಿನ್ ನಾದಿನಿ. ನೀನೇ ಕೇಳು."

ಅತ್ತಿಗೆಗೆ ಹೇಳಿದೆ. ರೋಗಾಣು ಇಲ್ಲ, ಹತ್ತರಲ್ಲಿ ಒಂದರಲ್ಲೂ ಇಲ್ಲ, ಅವುಗಳ ಮೈಕಾಯುವ ಜೀನ್ ನಾವು ಅಂದುಕೊಂಡದ್ದಕ್ಕಿಂತ ಚುರುಕು, ಮಧ್ಯಾಹ್ನದೊಳಗೆ ಛೀ ತು ಇನ್ನೊಮ್ಮೆ ಯಂತ್ರಕ್ಕೆ ಹಾಕಿ ಖಾತ್ರಿ ಮಾಡುತ್ತಾಳೆ, ಕಾಲುವೆ ನೀರು ತಿರುಗಿ ಹೊಂಡಕ್ಕೆ ಬಿಡು.

"ನಿಜ್ವಾ?"

"ನಿನ್ನಾಣೆ ಅತ್ತಿಗೆ."

"ಇರು, ಸ್ಪೀಕರ್ ಆಕ್ತೀನಿ. ಊರೋರೆಲ್ಲಾ ಇಲ್ಲೇ ಅವ್ರೆ. ಇನ್ನೊಂದ್ ಸಲ ಯೇಳು. ಜೋರಾಗ್ ಯೇಳು."

ನಾನು ಎದ್ದು ನಿಂತೆ. ಹಿಂದೆ ಪ್ರೊಫೆಸರು, ಸುಮಾ ಮೇಡಂ, ಬಾಯಲ್ಲಿ ಮಿಠಾಯಿ ಹಾಗೇ ಇಟ್ಟುಕೊಂಡ ಛೀ ತು, ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ನಾಚಿಕೆ ಬಿಟ್ಟು ಕೂಗಿದೆ: "ನಮ್ಮ ಅತ್ತಿಗೆ ಮೀನಿಗೆ ಏನೂ ಆಗಿಲ್ಲಾ! ಒಂದಕ್ಕೂ ಏನೂ ಆಗಿಲ್ಲಾ!"

ಆ ಕಡೆ ಗದ್ದಲ. ಗದ್ದಲದೊಳಗೆ ಯಾರೋ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಬಸ್‌ಸ್ಟಾಂಡಿನಲ್ಲಿ ಅಳದವಳು ಈಗಲಾದರೂ ಅತ್ತಳಲ್ಲ, ಅಳಲಿ, ಹಗುರವಾಗಲಿ ಅಂದುಕೊಂಡೆ.

ಅಷ್ಟರಲ್ಲಿ ಅತ್ತಿಗೆಯ ದನಿ, ಫೋನಿನಿಂದ ದೂರಕ್ಕೆ, ಮೆಲ್ಲಗೆ: "ಸುಮ್ಕಿರು ಕೃಷ್ಣಣ್ಣ, ಅಳ್ಬ್ಯಾಡ. ನಿನ್ ಹೊಂಡಕ್ಕೆ ಮರಿ ನಾನ್ ಕೊಡ್ತೀನಿ."